ರಂಗೂನಿನ ಅಕ್ಕಿಯೂ ಭದ್ರೆಯ ನೀರೂ

ಸವಳಂಗವು ಮಲೆನಾಡೂ ಬಯಲುಸೀಮೆಯೂ ಸಂಧಿಸುವ ಎಡೆ. ಇಲ್ಲಿಂದ ಪಡುವಣಕ್ಕೆ ಭತ್ತದ ಗದ್ದೆಗಳು. ಮೂಡಣಕ್ಕೆ ರಾಗಿ ಜೋಳಗಳ ಹೊಲಗಳು. ಇಂಥ ಗದ್ದೆಗಳಿದ್ದರೂ ಹಿಂದಿನ ಮೈಸೂರು ಸಂಸ್ಥಾನವು ತನಗೆ ಬೇಕಾದ ಅಕ್ಕಿಯನ್ನೆಲ್ಲ ತಾನೇ ಬೆಳೆಯುತ್ತಿರಲಿಲ್ಲ. ಕೊರತೆಯನ್ನು ತುಂಬುತ್ತಿದ್ದುದರಲ್ಲಿ ಬರ್ಮಾದೇಶದ ಅಕ್ಕಿಯೂ ಸೇರಿದ್ದಿತು. ಎರಡನೆಯ ಮಹಾಯುದ್ಧಕ್ಕೆ ಮುನ್ನ ಭರತಖಂಡಕ್ಕೆ ಅಲ್ಲಿಂದ ವರ್ಷವೊಂದಕ್ಕೆ 10 ಲಕ್ಷ ಟನ್ನಿಗೂ ಮಿಕ್ಕ ಅಕ್ಕಿಯು ಬರುತ್ತಿದ್ದಿತು.

1942ರ ಮಾರ್ಚಿಯಲ್ಲಿ ರಂಗೂನು ಜಪಾನೀಯರ ವಶವಾಗಲು ಆ ಬಾಗಿಲು ಮುಚ್ಚಿತು. ಮರುವರ್ಷ ವಂಗದೇಶದಲ್ಲಿ ಲಕ್ಷಾಂತರ ಜನರು ಕ್ಷಾಮಕ್ಕೆ ತುತ್ತಾದರು. ಆ ಕ್ಷಾಮಕ್ಕೆ ಕಾರಣಗಳು ಹಲವಾದರೂ ಬರ್ಮಾದ ಅಕ್ಕಿ ನಿಂತುದು ಅವುಗಳಲ್ಲೊಂದು. ನಮ್ಮ ಸಂಸ್ಥಾನದಲ್ಲಿಯೂ ಪಡಿತರವು ಜಾರಿಗೆ ಬಂದು, ಅಕ್ಕಿಯನ್ನು ಅಳೆದು ಕೊಡುವ ಕಾಲವೊದಗಿತು.

ಸ್ವಾತಂತ್ರ್ಯಾನಂತರ ಲಕ್ಕವಳ್ಳಿಯಲ್ಲಿ ಭದ್ರಾ ಅಣೆಕಟ್ಟು ಎದ್ದು, 1965ರಲ್ಲಿ ಪೂರ್ಣವಾಯಿತು. ಅದರ ನಾಲೆಗಳಿಂದ ಚನ್ನಗಿರಿ, ದಾವಣಗೆರೆಗಳ ಬಯಲಿನಲ್ಲಿ ಭತ್ತವು ತೂಗಿತು. ಆದರೂ 2023ರಲ್ಲಿ, ಬಡವರಿಗೆ ಹೆಚ್ಚುವರಿಯಾಗಿ ಕೊಡಬೇಕಾಗಿದ್ದ 5 ಕಿಲೋ ಅಕ್ಕಿಯು ಕೇಂದ್ರದ ಉಗ್ರಾಣದಿಂದ ದೊರೆಯದೆ, ಕರ್ನಾಟಕ ಸರ್ಕಾರವು ಕಿಲೋ ಒಂದಕ್ಕೆ 34 ರೂಪಾಯಿಯಂತೆ ಹಣವನ್ನೇ ಕೊಡಬೇಕಾಯಿತು.

ಗದ್ದೆಯಲ್ಲಿ ತೂಗುವ ತೆನೆಯು ಬಡವನ ಮಡಕೆಗೆ ತಾನಾಗಿ ಬಂದು ಬೀಳುವುದಿಲ್ಲವೆಂಬುದನ್ನು ಈ ಎಂಬತ್ತು ವರ್ಷಗಳ ಚರಿತ್ರೆಯು ನಮಗೆ ತಿಳಿಸುತ್ತದೆ. ಅನ್ಯರ ಉಗ್ರಾಣವನ್ನು ನಂಬಿದ ಅನ್ನಕ್ಕೆ ಆ ಉಗ್ರಾಣದ ಬೀಗವೇ ಒಡೆಯ.