ಟಂಟಂನೊಳಗಿನ ಬಿಳಿ ಬೆಳಕು

ಮೊನ್ನೆ ಕಳಸಾಪುರಕ್ಕೆ ಹೋದಾಗ ಕಾಕಾನ ಟಂಟಂನೊಳಗೆ ನಾನೇ ಎಲ್ಇಡಿ ಪಟ್ಟಿ ಅಂಟಿಸಿದೆ. "ಇಂಥಾ ಬೆಳಕು ನಮ್ಮ ಕಾಲದಾಗ ಯಾಕ ಇರಲಿಲ್ಲೋ ತಮ್ಮಾ?" ಅಂದ್ರು ಕಾಕಾ. ಒಳ್ಳೇ ಪ್ರಶ್ನೆ ಅಲ್ವಾ?

ಕೆಂಪು ಎಲ್ಇಡಿಯನ್ನು ಅಮೆರಿಕದ ನಿಕ್ ಹೊಲೊನ್ಯಾಕ್ 1962ರಲ್ಲೇ ಬೆಳಗಿಸಿದ್ದರು. ಹಸಿರು, ಹಳದಿಯೂ ಬಂದವು. ಸತಾಯಿಸಿದ್ದು ನೀಲಿ! ಅದಕ್ಕೆ ಬೇಕಾದ ಗ್ಯಾಲಿಯಂ ನೈಟ್ರೈಡ್ ಹರಳು ಬೆಳೆಸುವುದೇ ಕಷ್ಟವಾಗಿತ್ತು. ಜಪಾನಿನ ಅಕಸಾಕಿ, ಅಮಾನೊ, ನಕಾಮುರಾ ಹಟ ಬಿಡಲಿಲ್ಲ. 1993ರ ಹೊತ್ತಿಗೆ ಪ್ರಖರ ನೀಲಿ ಸಿಕ್ಕಿತು. ಅದರ ಮೇಲೆ ಹಳದಿ ಫಾಸ್ಫರ್ ಲೇಪಿಸಿದರೆ ಬಿಳಿ. 2014ರಲ್ಲಿ ಮೂವರಿಗೂ ನೊಬೆಲ್ ಬಂತು.

ಆ ನೀಲಿಯ ಗುಣ ನಮ್ಮ ಪಟ್ಟಿಯಲ್ಲೂ ಇದೆ. ಕೆಂಪಿಗೆ ಸುಮಾರು 2 ವೋಲ್ಟ್ ಸಾಕು, ಬಿಳಿಗೆ 3 ಬೇಕು. ಅದಕ್ಕೇ 12 ವೋಲ್ಟಿನ ಪಟ್ಟಿಯಲ್ಲಿ ಮೂರು ಮೂರು ದೀಪ, ಜೊತೆಗೊಂದು ರೆಸಿಸ್ಟರ್. ಗುರುತು ಇದ್ದಲ್ಲೇ ಕತ್ತರಿಸಬೇಕು.

ನಾನು ಮೊದಲು ಫ್ಯೂಸ್ ಹಾಕದೇ ಜೋಡಿಸಿದ್ದೆ. ವೈರು ಬಾಡಿಗೆ ತಾಗಿ ಸುಟ್ಟ ವಾಸನೆ... ಕಾಕಾನ ಮುಖ ಬಾಡಿತು. ಮನೆ ನಡೆಯೋದೇ ಆ ಗಾಡಿಯಿಂದ! ತಕ್ಷಣ ಬ್ಯಾಟರಿ ವೈರು ಬಿಚ್ಚಿದೆ. ಮರುದಿನ ಹೊಸ ವೈರು, ಬ್ಯಾಟರಿ ಹತ್ತಿರವೇ ಫ್ಯೂಸ್. ನೀವೂ ಮಾಡೋದಾದರೆ ಮೊದಲು ಫ್ಯೂಸ್, ಆಮೇಲೆ ಬೆಳಕು.

ಮೂವತ್ತು ವರ್ಷದ ಹಟವನ್ನು ಹತ್ತು ನಿಮಿಷದ ಅವಸರದಲ್ಲಿ ಸುಡುತ್ತಿದ್ದೆ ನೋಡಿ!