ಮೊಬೈಲ್ ಬೆಲೆಗೆ ‘ಐ7 ಗೇಮಿಂಗ್ ಪಿಸಿ’: ಹಣ ಕೊಡುವ ಮುನ್ನ ಇದನ್ನು ಓದಿ

‘ಐ7 ಪ್ರೊಸೆಸರ್, 16 ಜಿಬಿ ರ‍್ಯಾಮ್, 4 ಜಿಬಿ ಗ್ರಾಫಿಕ್ಸ್ ಕಾರ್ಡ್. ಗೇಮಿಂಗ್ ಪಿಸಿ ಈಗ ಮೊಬೈಲ್ ಬೆಲೆಗೆ!’ ಇಂಥ ಸಂದೇಶ ನಿಮ್ಮ ವಾಟ್ಸಾಪ್ ಗ್ರೂಪಿಗೂ ಬಂದಿರಬಹುದು. ಅದರಲ್ಲಿರುವುದು ಸುಳ್ಳೇ ಆಗಿರಬೇಕೆಂದಿಲ್ಲ. ಆದರೆ ಯಾವ ಐ7, ಯಾವ ಕಾರ್ಡ್, ಯಾವ ಎಸ್‌ಎಂಪಿಎಸ್ ಎಂಬುದನ್ನು ಅದು ಹೇಳುವುದಿಲ್ಲ. ಹಣ ಉಳಿಯುವುದೂ ಹಾಳಾಗುವುದೂ ಅಲ್ಲೇ.

ನಂಬಿಕೆ 1: ಐ3ಗಿಂತ ಐ7 ಯಾವಾಗಲೂ ಉತ್ತಮ

ಒಂದೇ ತಲೆಮಾರಿನಲ್ಲಿ ಹೋಲಿಸಿದರೆ ಮಾತ್ರ ಇದು ನಿಜ. ಐ7-2600 ಬಂದಿದ್ದು 2011ರಲ್ಲಿ. ಐ3-12100 ಬಂದಿದ್ದು 2022ರಲ್ಲಿ. ಎರಡರಲ್ಲೂ 4 ಕೋರ್, 8 ಥ್ರೆಡ್ ಇವೆ. ಆದರೆ ಹೊಸ ಐ3ಯ ಒಂದೊಂದು ಕೋರ್ ಹಳೆಯ ಐ7ಗಿಂತ ಸುಮಾರು ಎರಡರಷ್ಟು ವೇಗವಾಗಿ ಕೆಲಸ ಮಾಡುತ್ತದೆ. ವಿಂಡೋಸ್ 11ಗೆ ಮೈಕ್ರೋಸಾಫ್ಟ್ ಒಪ್ಪಿರುವ ಪ್ರೊಸೆಸರ್‌ಗಳ ಪಟ್ಟಿಯಲ್ಲಿ ಐ7-2600 ಇಲ್ಲ. ವಿಂಡೋಸ್ 10ರ ಸಾಮಾನ್ಯ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ.

ತಲೆಮಾರು ತಿಳಿಯುವುದು ಸುಲಭ. ಐ3, ಐ5, ಐ7ರ ಮುಂದಿನ ಸಂಖ್ಯೆ ನೋಡಿ. ನಾಲ್ಕಂಕಿ ಇದ್ದರೆ ಮೊದಲ ಅಂಕಿ (2600 ಎಂದರೆ 2ನೇ ತಲೆಮಾರು), ಐದಂಕಿ ಇದ್ದರೆ ಮೊದಲ ಎರಡು ಅಂಕಿ (12100 ಎಂದರೆ 12ನೇ ತಲೆಮಾರು).

ನಂಬಿಕೆ 2: ಗ್ರಾಫಿಕ್ಸ್ ಕಾರ್ಡ್‌ನ ಜಿಬಿ ಹೆಚ್ಚಿದ್ದರೆ ಗೇಮ್ ಚೆನ್ನಾಗಿ ಓಡುತ್ತದೆ

ಜಿಬಿ ಎಂಬುದು ಗೋದಾಮಿನ ಅಳತೆ, ಕೆಲಸಗಾರನ ಶಕ್ತಿಯಲ್ಲ. ಜಿಟಿ 730 ಕಾರ್ಡ್ 4 ಜಿಬಿಯಲ್ಲಿ ಸಿಗುತ್ತದೆ. ಜಿಟಿಎಕ್ಸ್ 1050 ಟಿಐ ಕೂಡ 4 ಜಿಬಿಯದೇ. ಆದರೆ ಜಿಟಿ 730ರ 64 ಬಿಟ್ ಡಿಡಿಆರ್3 ಮಾದರಿಯ ಮೆಮೊರಿ ಸೆಕೆಂಡಿಗೆ ಸುಮಾರು 14 ಜಿಬಿ ಮಾಹಿತಿ ಸಾಗಿಸಿದರೆ, 1050 ಟಿಐ 112 ಜಿಬಿ ಸಾಗಿಸುತ್ತದೆ. ಎರಡನ್ನೂ ‘4 ಜಿಬಿ ಕಾರ್ಡ್’ ಎಂದೇ ಮಾರಬಹುದು.

ನಂಬಿಕೆ 3: ಎಸ್‌ಎಂಪಿಎಸ್ ಯಾವುದಾದರೂ ನಡೆಯುತ್ತದೆ

ಎಲ್ಲಕ್ಕಿಂತ ಅಪಾಯದ ನಂಬಿಕೆ ಇದು. ಪೆಟ್ಟಿಗೆಯ ಮೇಲೆ ‘450 ವ್ಯಾಟ್’ ಎಂದಿದ್ದರೂ ಪಕ್ಕದ ಲೇಬಲ್‌ನಲ್ಲಿ 12 ವೋಲ್ಟ್ ಸಾಲನ್ನು ಓದಿ. ಅಲ್ಲಿ 16 ಆಂಪಿಯರ್ ಎಂದಿದ್ದರೆ 12 × 16 = 192 ವ್ಯಾಟ್ ಮಾತ್ರ. ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡ್ ಎರಡಕ್ಕೂ ವಿದ್ಯುತ್ ಹೋಗುವುದು ಮುಖ್ಯವಾಗಿ ಇದೇ ಸಾಲಿನಿಂದ. ಆರ್‌ಎಕ್ಸ್ 6600 ಕಾರ್ಡ್ ಒಂದಕ್ಕೇ 132 ವ್ಯಾಟ್ ಬೇಕು. ಐ3-12100ಎಫ್ ಗರಿಷ್ಠ 89 ವ್ಯಾಟ್ ಎಳೆಯಬಹುದು. ಒಟ್ಟು 221. ಲೆಕ್ಕ ಅಲ್ಲೇ ತಪ್ಪಿತು.

ಅಗ್ಗದ ಎಸ್‌ಎಂಪಿಎಸ್‌ನಲ್ಲಿ ಶಾರ್ಟ್ ಸರ್ಕ್ಯೂಟ್, ಓವರ್‌ಲೋಡ್‌ನಿಂದ ಕಾಪಾಡುವ ವ್ಯವಸ್ಥೆ ಸರಿಯಾಗಿಲ್ಲದಿದ್ದರೆ ಅದು ತಾನು ಸುಡುವುದಲ್ಲದೆ ಮದರ್‌ಬೋರ್ಡ್, ಕಾರ್ಡ್‌ಗಳನ್ನೂ ಸುಡಬಹುದು. ‘80 ಪ್ಲಸ್’ ಗುರುತು ವಿದ್ಯುತ್ ಎಷ್ಟು ಪೋಲಾಗುತ್ತದೆ ಎಂಬುದನ್ನು ಹೇಳುತ್ತದೆ; ಅದೊಂದೇ ಸುರಕ್ಷತೆಯ ಖಾತರಿಯಲ್ಲ.

ನಂಬಿಕೆ 4: ರ‍್ಯಾಮ್ ಒಂದೇ ಕಡ್ಡಿಯಾದರೇನು, ಎರಡಾದರೇನು?

ಡಿಡಿಆರ್4-3200ರ 16 ಜಿಬಿ ಕಡ್ಡಿ ಒಂದೇ ಇದ್ದರೆ ಸೆಕೆಂಡಿಗೆ ಗರಿಷ್ಠ 25.6 ಜಿಬಿ ಮಾಹಿತಿ ಹರಿಯುತ್ತದೆ. 8 ಜಿಬಿಯ ಎರಡು ಕಡ್ಡಿಗಳನ್ನು ಸರಿಯಾದ ಸ್ಲಾಟ್‌ಗಳಲ್ಲಿ ಹಾಕಿದರೆ 51.2 ಜಿಬಿ.

ಹಾಗಾದರೆ ಹಣ ಎಲ್ಲಿ ಹಾಕಬೇಕು?

• ಒಟ್ಟು ಹಣದ ಮೂರನೇ ಒಂದು ಭಾಗದಿಂದ ಶೇ 40ರವರೆಗೆ ಗ್ರಾಫಿಕ್ಸ್ ಕಾರ್ಡ್‌ಗೆ ಇಡುವುದು ರೂಢಿಯ ಲೆಕ್ಕ.
• ಈಗ ಕಾರ್ಡ್‌ಗೆ ಹಣವಿಲ್ಲದಿದ್ದರೆ ರೈಜನ್ 5 5600ಜಿಯಂಥ, ಒಳಗೇ ಗ್ರಾಫಿಕ್ಸ್ ಇರುವ ಪ್ರೊಸೆಸರ್ ಕೊಂಡು ಕಾರ್ಡ್ ಆಮೇಲೆ ಹಾಕಬಹುದು. ಇದರ ಜೊತೆ ಎರಡು ಕಡ್ಡಿ ರ‍್ಯಾಮ್ ಇರಲೇಬೇಕು. ಇಂಟೆಲ್‌ನಲ್ಲಿ ಕೊನೆಗೆ ‘ಎಫ್’ ಇರುವ ಪ್ರೊಸೆಸರ್‌ಗೆ ಕಾರ್ಡ್ ಇಲ್ಲದೆ ಪರದೆಯ ಮೇಲೆ ಏನೂ ಬರುವುದಿಲ್ಲ.
• ಎಸ್‌ಎಸ್‌ಡಿಯಿಂದ ಗೇಮ್ ಬೇಗ ತೆರೆಯುತ್ತದೆ, ಆದರೆ ಎಫ್‌ಪಿಎಸ್ ಅಷ್ಟೇನೂ ಹೆಚ್ಚುವುದಿಲ್ಲ.
• ಬಣ್ಣದ ದೀಪಗಳ ಹಣವನ್ನು ಎಸ್‌ಎಂಪಿಎಸ್‌ಗೆ ಹಾಕಿ. ದೀಪದಿಂದ ವೇಗ ಬರುವುದಿಲ್ಲ.

ಅಂಗಡಿಯಲ್ಲಿ ಏನು ಕೇಳಬೇಕು?

ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಕೊಳ್ಳಿ, ಆನ್‌ಲೈನ್‌ನಲ್ಲಿ ಕೊಳ್ಳಿ, ಪ್ರೊಸೆಸರ್, ಮದರ್‌ಬೋರ್ಡ್, ರ‍್ಯಾಮ್, ಗ್ರಾಫಿಕ್ಸ್ ಕಾರ್ಡ್, ಎಸ್‌ಎಂಪಿಎಸ್ ಈ ಐದರ ಪೂರ್ತಿ ಮಾದರಿ ಸಂಖ್ಯೆಯನ್ನು ಬರವಣಿಗೆಯಲ್ಲಿ ಕೇಳಿ. ಸೀರಿಯಲ್ ನಂಬರ್ ಬಿಲ್‌ನಲ್ಲಿ ಇರಲಿ. ವಾರಂಟಿ ಕೇಳುವಾಗ ಬೇಕಾಗುತ್ತದೆ. ಪಿಸಿ ಆನ್ ಮಾಡಿಸಿ, ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಗಳನ್ನು ಒಟ್ಟಿಗೆ ಒತ್ತಿ. ತೆರೆಯುವ ಟಾಸ್ಕ್ ಮ್ಯಾನೇಜರ್‌ನ ‘ಪರ್ಫಾರ್ಮೆನ್ಸ್’ ಭಾಗದಲ್ಲಿ ಪ್ರೊಸೆಸರ್ ಮತ್ತು ಕಾರ್ಡ್‌ನ ಹೆಸರು ಕಾಣುತ್ತದೆ. ಬಿಲ್‌ನಲ್ಲಿರುವುದೂ ಅಲ್ಲಿರುವುದೂ ಒಂದೇ ಆಗಿರಬೇಕು.

ಮಾದರಿ ಸಂಖ್ಯೆ ಹೇಳಲು ಮಾರುವವರು ಹಿಂಜರಿದರೆ ಅಲ್ಲಿ ಕೊಳ್ಳಬೇಡಿ. ಸಂಖ್ಯೆಯೇ ಇಲ್ಲದ ಜಾಹೀರಾತನ್ನು ಇನ್ನೊಬ್ಬರಿಗೆ ಫಾರ್ವರ್ಡ್ ಮಾಡಲೂಬೇಡಿ.