ಕಾವಿ ಲೇಪದ ಚಿತ್ರಿತ ಮಡಕೆ: ಮೂಲದ ಪ್ರಶ್ನೆ

ದಕ್ಷಿಣ ಕರ್ನಾಟಕದಲ್ಲೂ ತಮಿಳುನಾಡಿನ ಕೊಂಗುನಾಡಿನಲ್ಲೂ ಕ್ರಿಸ್ತಶಕದ ಆರಂಭದ ಆಸುಪಾಸಿನ ಶತಮಾನಗಳ ನೆಲೆಗಳಲ್ಲಿ ಸಿಗುವ ಬಿಳಿ ಗೆರೆಗಳ ಕೆಂಪು ಮಡಕೆಗೆ ‘ಕಾವಿ ಲೇಪದ ಚಿತ್ರಿತ ಮಡಕೆ’ ಎಂಬ ಹೆಸರಿದೆ. 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಕರ್ನಾಟಕದ ಬ್ರಹ್ಮಗಿರಿ, ಚಂದ್ರವಳ್ಳಿಗಳಲ್ಲಿ ಉತ್ಖನನ ನಡೆಸಿದಾಗ ಇದು ಸಾತವಾಹನ ಕಾಲದ ಪದರದಲ್ಲಿ ಕಂಡಿತು. ಸಾತವಾಹನರಿಗೆ ಆಂಧ್ರರೆಂಬ ಹೆಸರೂ ಇದ್ದುದರಿಂದ ಆ ಪದರಕ್ಕೆ ‘ಆಂಧ್ರ ಸಂಸ್ಕೃತಿ’ ಎಂದು ಹೆಸರಿಟ್ಟದ್ದರಿಂದ ಮಡಕೆಯೂ ‘ಆಂಧ್ರ ಮಡಕೆ’ಯಾಯಿತು. ಹೆಸರು ಬಂದದ್ದು ರಾಜವಂಶದಿಂದ, ಕುಂಬಾರನಿಂದಲ್ಲ. ಈ ಕಲೆಯ ಬೇರು ಕನ್ನಡ–ಕೊಂಗು ನೆಲದ ಬೃಹತ್ ಶಿಲಾ ಕಾಲದ ಕುಂಬಾರಿಕೆಯಲ್ಲೇ ಇದೆ ಎನ್ನುವುದು ಹೆಚ್ಚು ಸಮಂಜಸ.

ಮೊದಲ ಸಾಕ್ಷಿ ಬೋಕಿಯಲ್ಲೇ ಇದೆ. ಕುಂಬಾರ ಬಿಳಿ ಜೇಡಿಯಿಂದ ಸಮಾನಾಂತರ ಗೆರೆ, ಅಲೆಗೆರೆ, ಅಡ್ಡಗೆರೆಗಳನ್ನು ಎಳೆದು, ಅದರ ಮೇಲೆ ಕಾವಿಯನ್ನು ತೆಳುವಾಗಿ ಹಚ್ಚುತ್ತಿದ್ದ. ಹಾಗಾಗಿ ಗೆರೆ ಹಳದಿ ಬೆರೆತ ಬಿಳುಪಾಗಿ ಕಾಣುತ್ತದೆ. ಗೆರೆ ಮೊದಲು, ಬಣ್ಣ ಆಮೇಲೆ ಎಂಬ ಈ ಕ್ರಮವನ್ನು ಮಡಕೆ ನೋಡಿ ಕಲಿಯುವುದು ಕಷ್ಟ, ಜೊತೆಗೆ ಕೂತು ಕಲಿಯಬೇಕು. ಎರಡನೆಯದಾಗಿ, ಕಪ್ಪು–ಕೆಂಪು ಮಡಕೆಯ ಮೇಲೆ ಬಿಳಿ ಗೆರೆ ಎಳೆಯುವ ರೂಢಿ ಹಾವೇರಿ ಜಿಲ್ಲೆಯ ಹಳ್ಳೂರಿನಲ್ಲಿ ನವಶಿಲಾಯುಗ ಮುಗಿಯುವ ಹಂತದಲ್ಲೇ ಇತ್ತು. ಕೊಂಗಿನ ಕೊಡುಮಣಲಿನಲ್ಲಿ ಕಾವಿ ಲೇಪದ ಮಡಕೆ ಬೃಹತ್ ಶಿಲಾ ಸಮಾಧಿಗಳ ನೆಲೆಯಲ್ಲೇ ಸಿಕ್ಕಿದೆ.

ಈ ಮಡಕೆ ಸಾತವಾಹನ ನಾಣ್ಯಗಳ ಜೊತೆ ಸಿಕ್ಕಿತಲ್ಲ ಎಂಬ ಆಕ್ಷೇಪವಿದೆ. ಚಂದ್ರವಳ್ಳಿಯಲ್ಲಿ ರೋಮಿನ ನಾಣ್ಯಗಳೂ ಸಿಕ್ಕಿವೆ. ಮಡಕೆ ರೋಮಿನದೆಂದು ಯಾರೂ ಹೇಳಿಲ್ಲ. ನಾಣ್ಯ ಕಾಲ ಹೇಳುತ್ತದೆ, ಕೈ ಯಾರದೆಂದು ಹೇಳುವುದಿಲ್ಲ. ಹಳ್ಳೂರಿಗೂ ಚಂದ್ರವಳ್ಳಿಗೂ ನಡುವೆ ಅನೇಕ ಶತಮಾನಗಳ ಅಂತರವಿದೆ ಎಂಬ ಇನ್ನೊಂದು ಆಕ್ಷೇಪ ಗಟ್ಟಿಯಾದದ್ದು. ಆದರೂ ಬ್ರಹ್ಮಗಿರಿಯಲ್ಲಿ ಕಪ್ಪು–ಕೆಂಪು ಮಡಕೆ ಮೇಲಿನ ಪದರಕ್ಕೂ ಮುಂದುವರಿದಿದೆ. ಹಳೆಯ ಕುಂಬಾರರು ಎದ್ದು ಹೋಗಿ ಹೊಸಬರು ಬಂದರೆನ್ನಲು ಅಲ್ಲಿ ಆಧಾರ ಕಾಣದು.

ಬೇಗೂರಿನ ನಾಗೇಶ್ವರ ದೇವಾಲಯದ ಸುಮಾರು 890ರ ಶಾಸನ ಬೆಂಗಳೂರಿನ ಕಾಳಗವನ್ನು ಹೆಸರು ಹಿಡಿದು ಹೇಳುತ್ತದೆ. ಬೋಕಿಗೆ ಅಂಥ ಬಾಯಿಲ್ಲ. ಅದರ ಮಣ್ಣನ್ನೇ ವಿಚಾರಿಸಬೇಕು. ಅಮೆರಿಕದ ಪ್ವೆಬ್ಲೊ ಜನರ ಪೇಕೋಸ್ ನೆಲೆಯ ಬಣ್ಣದ ಮಡಕೆಗಳನ್ನು ಅಲ್ಲಿಯವೇ ಎಂದು ನಂಬಲಾಗಿತ್ತು. ಆನಾ ಶೆಪರ್ಡ್ 1930ರ ದಶಕದಲ್ಲಿ ಮಣ್ಣಿಗೆ ಬೆರೆಸಿದ ಕಲ್ಲಿನ ಪುಡಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಅವುಗಳಲ್ಲಿ ಬಹಳಷ್ಟು ಹೊರಗಿನಿಂದ ಬಂದವೆಂದು ತೋರಿಸಿದರು. ಚಂದ್ರವಳ್ಳಿ, ಕೊಡುಮಣಲುಗಳ ಬೋಕಿಗಳನ್ನೂ ಹೀಗೆ ಒಂದೇ ಮೇಜಿನ ಮೇಲಿಟ್ಟು ಪರೀಕ್ಷಿಸಬೇಕು. ಅಲ್ಲಿಯವರೆಗೆ ‘ಆಂಧ್ರ ಮಡಕೆ’ ಎಂಬ ಹೆಸರನ್ನು ಬಿಡುವುದೇ ಸರಿ.